ಕಿವಿಯೊಳಗೆ ಸದಾ ಗುಂಯ್ ಅನ್ನುತ್ತಿದ್ದರೂ ವಾದ್ಯ ಬಿಡದೆ ನುಡಿಸುವವರು ಯಾರಾದ್ರೂ ಇದ್ದೀರಾ?

ಜೇವರ್ಗಿ ಪೇಟಿ

ಶರಣು ಎಲ್ಲರಿಗೂ. ಊರು ಜೇವರ್ಗಿ ಹತ್ತಿರ, ಈಗ ಇರೋದು ಕಲಬುರಗಿಯಲ್ಲಿ. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ, ನಮ್ಮ ಕಡೆ ಪೇಟಿ ಅಂತಾರೆ. ತತ್ವಪದ, ವಚನ ಜಾಸ್ತಿ. ಮನೆಯಲ್ಲಿ ಕೂತಾಗ ಒಂದಿಷ್ಟು ಭೂಪ, ಯಮನ್ ರಾಗ.

ಹೋದ ಶ್ರಾವಣದಲ್ಲಿ ಒಂದು ಹಳ್ಳಿಯಲ್ಲಿ ರಾತ್ರಿಯೆಲ್ಲ ಭಜನೆ ಇತ್ತು. ನನ್ನ ಎಡಗಡೆ ಕೈಗೆಟುಕುವಷ್ಟು ಹತ್ತಿರದಲ್ಲೇ ಸ್ಪೀಕರ್ ಇಟ್ಟಿದ್ದರು. ಬೆಳಿಗ್ಗೆ ಎದ್ದಾಗ ಕಿವಿಗೆ ಹತ್ತಿ ತುರುಕಿದ ಹಾಗಿತ್ತು. ಆ ಮಂದ ಸ್ವಲ್ಪ ದಿನದಲ್ಲಿ ಹೋಯಿತು, ಆದರೆ ಸಣ್ಣಗೆ ಚೂಪಾಗಿ ಒಂದು ಸದ್ದು ಉಳಿದುಬಿಟ್ಟಿತು. ಎರಡೂ ಕಿವಿಯಲ್ಲಿ ಇದೆ, ಎಡಕ್ಕೆ ಜಾಸ್ತಿ. ತೋರಿಸಿದೆ. ಕಿವಿ ಪರದೆ ಚೆನ್ನಾಗಿದೆ, ಇದಕ್ಕೆ ಔಷಧಿ ಇಲ್ಲ, ರೂಢಿ ಮಾಡಿಕೊಳ್ಳಿ ಅಂದು ಕಳಿಸಿದರು. ಮನೆಯಲ್ಲಿ ಪೇಟಿ ಮುಚ್ಚಿಡು ಅಂತಾರೆ.

ವಿಚಿತ್ರ ಏನಂದರೆ, ಪೇಟಿ ನುಡಿಸುವಾಗ ಅದು ಅಷ್ಟು ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ತಾನ್ಪುರಾ ಹಾಕಿಕೊಂಡರಂತೂ ಹತ್ತು ನಿಮಿಷದಲ್ಲಿ ಮರೆತೇ ಹೋಗುತ್ತೆ. ತಾನ್ಪುರಾ ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಪೂರ್ತಿ ನಿಶ್ಶಬ್ದ, ಆಮೇಲೆ ಮೆಲ್ಲಗೆ ವಾಪಸ್ ಬರುತ್ತೆ. ಮಂಡಳಿಯ ಜೊತೆ ಮೈಕಿನಲ್ಲಿ ಕೂತು ಬಂದ ರಾತ್ರಿ ಮಾತ್ರ ಮಲಗಲು ಆಗುವುದಿಲ್ಲ.

ಬಿಡಬೇಕಾ ಬೇಡವಾ? ಬಿಡದೆ ನುಡಿಸುವವರು ಹೇಗೆ ನಿಭಾಯಿಸುತ್ತೀರಿ?

ಕೂಲರ್ ಭಕ್ತ

ಅಣ್ಣಾ, ನಾನೂ ನಿಮ್ಮ ಸಾಲಿನವನೇ. ತಬಲಾ, ಕಲಬುರಗಿಯೇ. ನನಗೆ ಇದು ಕಾಲಕಾಲಕ್ಕೆ ಬದಲಾಗುತ್ತೆ ಅಂತ ಬಹಳ ದಿನ ಅಂದುಕೊಂಡಿದ್ದೆ, ಬೇಸಿಗೆಯಲ್ಲಿ ಕಮ್ಮಿ, ಚಳಿಗಾಲದಲ್ಲಿ ಜಾಸ್ತಿ. ಒಂದು ಮೇ ತಿಂಗಳ ರಾತ್ರಿ ಕರೆಂಟ್ ಹೋಯಿತು ನೋಡಿ, ಕೂಲರ್ ನಿಂತ ಕ್ಷಣಕ್ಕೆ ಕಿವಿಯೊಳಗಿನ ಸದ್ದು ಗೋಡೆ ಒಡೆದು ಬಂದ ಹಾಗೆ ಬಂತು. ಆಗ ಗೊತ್ತಾಯಿತು, ನಮ್ಮ ಬಿಸಿಲೂರಿನ ಕೂಲರ್ ಏಪ್ರಿಲಿನಿಂದ ಜೂನ್ ತನಕ ರಾತ್ರಿಯಿಡೀ ಅದನ್ನು ಮುಚ್ಚಿಡುತ್ತಿತ್ತು ಅಷ್ಟೇ. ಈಗ ಡಿಸೆಂಬರಿನಲ್ಲೂ ಮಲಗುವಾಗ ಟೇಬಲ್ ಫ್ಯಾನ್ ಗೋಡೆ ಕಡೆ ತಿರುಗಿಸಿ ಹಾಕುತ್ತೇನೆ. ಮನೆಯವಳು ಎರಡು ಕಂಬಳಿ ಹೊದೆಯುತ್ತಾಳೆ.

ತಬಲಾ ಬಿಟ್ಟಿಲ್ಲ. ಬಿಟ್ಟು ನೋಡಿದವರ ಕಥೆಯೂ ಗೊತ್ತಿದೆ, ಸದ್ದು ಹೋಗಲಿಲ್ಲ, ತಬಲಾ ಹೋಯಿತು.

ಆಡಿಯಾಲಜಿ ಅಕ್ಕ, ಯಾದಗಿರಿ

ನಾನು ಕಿವಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಒಳಕಿವಿಯ ಕಾಕ್ಲಿಯಾದಲ್ಲಿ ಸದ್ದನ್ನು ಹಿಡಿದು ನರಕ್ಕೆ ದಾಟಿಸುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಇವೆ. ಸದ್ದಿನ ಹೊಡೆತಕ್ಕೆ ಅವು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆ ಭಾಗದಿಂದ ಬರಬೇಕಾದ ಸುದ್ದಿ ಕಮ್ಮಿ ಆದಾಗ ಮಿದುಳು ತನ್ನ ಕಡೆಯ ವಾಲ್ಯೂಮ್ ಏರಿಸುತ್ತೆ. ಹಾಗೆ ಏರಿಸಿದಾಗ ಕೇಳುವುದೇ ಈ ಸದ್ದು. ಟಿನಿಟಸ್, ಅಂದರೆ ಕಿವಿಯೊಳಗಿನ ಈ ಸದ್ದಿನ ಬಗ್ಗೆ ಜಾಸ್ತಿ ಒಪ್ಪಿಗೆ ಇರುವ ವಿವರಣೆ ಇದು. ಅದಕ್ಕೇ ನಿಶ್ಶಬ್ದದಲ್ಲಿ ಜೋರು, ಸುತ್ತ ಸದ್ದಿದ್ದಾಗ ಮಂದ. ತಾನ್ಪುರಾ ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಮಾಯವಾಗುವುದು ಕೂಡ ನಿಜವಾದ ಸಂಗತಿ, ನಾವು ಪರೀಕ್ಷೆಯಲ್ಲೂ ನೋಡುತ್ತೇವೆ. ಎಲ್ಲರಿಗೂ ಆಗುವುದಿಲ್ಲ, ಆದವರಿಗೆ ಸಾಮಾನ್ಯವಾಗಿ ಒಂದು ನಿಮಿಷ ಆಚೀಚೆ.

ಹಾರ್ಮೋನಿಯಂ ಅಣ್ಣ, ಕಿವಿ ಪರದೆ ನೋಡಿದರು ಅಂದಿರಿ. ಆಡಿಯೋಗ್ರಾಮ್, ಅಂದರೆ ಯಾವ ಸ್ವರ ಎಷ್ಟು ಮೆಲ್ಲಗಿದ್ದರೂ ಕೇಳಿಸುತ್ತೆ ಅಂತ ತೋರಿಸುವ ಗ್ರಾಫ್, ಮಾಡಿದರಾ? ಪರದೆ ನೋಡಿದರೆ ಒಳಕಿವಿ ಕಾಣುವುದಿಲ್ಲ. ಸದ್ದಿನಿಂದ ಹಾಳಾದ ಕಿವಿಯಲ್ಲಿ ಸಾಮಾನ್ಯವಾಗಿ 4000 ಹರ್ಟ್ಜ್ ಸುತ್ತಮುತ್ತ ಗ್ರಾಫ್ ಕೆಳಗೆ ಇಳಿದಿರುತ್ತೆ. ಆಡಿಯೋಗ್ರಾಮ್ ನಾರ್ಮಲ್ ಬಂದರೂ ನಿಮ್ಮ ಸದ್ದು ಸುಳ್ಳಲ್ಲ. ಮಾಮೂಲಿ ಪರೀಕ್ಷೆ 8000 ಹರ್ಟ್ಜ್‌ಗೆ ನಿಲ್ಲುತ್ತೆ, ಅದರ ಮೇಲಿನದು ಅದರಲ್ಲಿ ಕಾಣುವುದಿಲ್ಲ. ಇನ್ನೊಂದು, 2009ರಲ್ಲಿ ಕುಜಾವಾ ಮತ್ತು ಲಿಬರ್ಮನ್ ಇಲಿಗಳಲ್ಲಿ ತೋರಿಸಿದರು: ಜೋರು ಸದ್ದಿನ ನಂತರ ಕೇಳಿಸುವ ಮಟ್ಟ ಪೂರ್ತಿ ವಾಪಸ್ ಬಂದರೂ ರೋಮಕೋಶಕ್ಕೂ ನರಕ್ಕೂ ಇರುವ ಕೊಂಡಿಗಳು ಕಳಚಿಹೋಗಿದ್ದವು. ಹಾಗಾಗಿ ಭಜನೆ ಮುಗಿದ ಮಾರನೇ ದಿನ ಕಿವಿ ಸರಿಹೋಯಿತು ಅಂತ ನಿಶ್ಚಿಂತೆಯಿಂದ ಇರಬೇಡಿ.

ಕೆಲವು ಲಕ್ಷಣ ಇದ್ದರೆ ಈ ಚರ್ಚೆ ಓದುತ್ತಾ ಕೂರಬೇಡಿ, ಹೋಗಿ ತೋರಿಸಿ. ಒಂದೇ ಕಿವಿಯಲ್ಲಿ ಮಾತ್ರ ಸದ್ದು. ನಾಡಿ ಬಡಿತದ ಜೊತೆಗೇ ಬಡಿಯುವ ಸದ್ದು. ತಲೆ ತಿರುಗು. ಎಲ್ಲಕ್ಕಿಂತ ತುರ್ತು ಅಂದರೆ ಇದ್ದಕ್ಕಿದ್ದ ಹಾಗೆ ಒಂದು ಕಿವಿ ಕೇಳಿಸದೆ ಹೋಗುವುದು. ಅದಕ್ಕೆ ಸ್ಟೀರಾಯ್ಡ್ ಬೇಗ ಕೊಟ್ಟಷ್ಟು ಒಳ್ಳೆಯದು, ದಿನಗಳ ಲೆಕ್ಕ, ಜಾತ್ರೆ ಮುಗಿಸಿ ನೋಡೋಣ ಅನ್ನುವ ಮಾತಿಲ್ಲ. ಎಷ್ಟೋ ಸಲ ಬರೀ ಗುಗ್ಗೆ ಗಟ್ಟಿಯಾಗಿ ಸದ್ದು ಬಂದಿರುತ್ತೆ, ತೆಗೆದರೆ ಮುಗಿಯಿತು.

ಗಂಜ್ ಗೆಳೆಯ

ಬೆಳ್ಳುಳ್ಳಿ ಹಾಕಿ ಕಾಸಿದ ಕೊಬ್ಬರಿ ಎಣ್ಣೆ ಎರಡು ಹನಿ ಬಿಡ್ರಿ. ನಮ್ಮ ಅಜ್ಜಿ ಮಾಡುತ್ತಿದ್ದರು. ಸುಮ್ನೆ ದುಡ್ಡು ಯಾಕೆ ಹಾಕ್ತೀರಿ.

ಆಡಿಯಾಲಜಿ ಅಕ್ಕ, ಯಾದಗಿರಿ

ಬೇಡ. ಎಣ್ಣೆ ಪರದೆಯ ಹೊರಗೆ ನಿಲ್ಲುತ್ತೆ, ತೊಂದರೆ ಇರುವುದು ಒಳಕಿವಿಯಲ್ಲಿ. ಪರದೆಯಲ್ಲಿ ತೂತಿದ್ದರೆ ಸೋಂಕು ಬೇರೆ. ಬಿಸಿ ಎಣ್ಣೆಯಿಂದ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಗಿಂಕೋ, ಜಿಂಕ್ ಮಾತ್ರೆಗಳೂ ಅಷ್ಟೇ. ಅಮೆರಿಕದ ಇಎನ್‌ಟಿ ವೈದ್ಯರ ಸಂಘ 2014ರ ಮಾರ್ಗಸೂಚಿಯಲ್ಲಿ ಟಿನಿಟಸ್‌ಗೆ ಅಂತ ಅವನ್ನು ಕೊಡಬೇಡಿ ಎಂದೇ ಹೇಳಿದೆ. ಒಳ್ಳೆಯ ಆಧಾರ ಇರುವುದು ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಗೆ. ಅದು ಸದ್ದನ್ನು ಅಳಿಸುವುದಿಲ್ಲ, ಸದ್ದಿನ ಮೇಲಿನ ಸಿಟ್ಟು, ಹೆದರಿಕೆ ಇಳಿಸುತ್ತೆ. ಕಿವಿ ಮಂದ ಆಗಿರುವವರಿಗೆ ಹಿಯರಿಂಗ್ ಏಡ್ ಕೂಡ ಬಹಳ ಸಲ ನೆರವಾಗುತ್ತೆ.

ಶಹಾಪುರ ಶಹನಾಯಿ

ನಿಮಗೆಲ್ಲ ಇದು ಹವ್ಯಾಸ. ನನಗೆ ಹೊಟ್ಟೆಪಾಡು. ನಾನು ಶಹನಾಯಿ, ಸೀಸನ್ ಬಂದರೆ ಬ್ಯಾಂಡಿನ ಜೊತೆ ಮೆರವಣಿಗೆ. ಹಿಂದೆ ಟ್ರ್ಯಾಕ್ಟರ್ ಮೇಲೆ ಡಿಜೆ, ಮುಂದೆ ಹಲಗೆ, ನಡುವೆ ನಾನು. ಕಿವಿ ಉಳಿಸಿಕೊಳ್ಳಿ ಅಂತ ಹೇಳುವುದು ಸುಲಭ, ಮೆರವಣಿಗೆಯ ಸುಪಾರಿ (ಕರಾರು) ಬಿಟ್ಟರೆ ಆ ತಿಂಗಳು ಮನೆ ನಡೆಯುವುದು ಹೇಗೆ?

ಕಿವಿಗೆ ತುರುಕುವ ಹಳದಿ ಫೋಮ್ ಪ್ಲಗ್ ಹಾಕಿ ನೋಡಿದೆ. ಹೊರಗಿನದು ಕಮ್ಮಿ ಆಯಿತು ನಿಜ, ಆದರೆ ನನ್ನ ಶಹನಾಯಿಯ ನಾಲಗೆ ತಲೆಬುರುಡೆಯೊಳಗೇ ಗರ್ರ್ ಅಂತ ಕೇಳಿಸುತ್ತಿತ್ತು, ಉಸಿರೂ ಅಷ್ಟೇ. ಶ್ರುತಿ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ತೆಗೆದು ಜೇಬಿಗೆ ಹಾಕಿಕೊಂಡೆ. ಪ್ಲಗ್ ಹಾಕಿ ಅನ್ನುವವರು ಒಂದು ಸಲ ಊದುವ ವಾದ್ಯ ಹಿಡಿದು ನೋಡಲಿ.

ಆಡಿಯಾಲಜಿ ಅಕ್ಕ, ಯಾದಗಿರಿ

ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಕಿವಿ ನಾಳದ ಬಾಯಿ ಮುಚ್ಚಿದಾಗ ಎಲುಬಿನ ಮೂಲಕ ಬರುವ ಸ್ವಂತ ಸದ್ದು ಹೊರಗೆ ಹೋಗಲಾಗದೆ ಒಳಗೇ ಮೊಳಗುತ್ತೆ. ಹಾಡುವವರಿಗೆ, ಊದುವವರಿಗೆ ಈ ಕಾಟ ಜಾಸ್ತಿ. ಪ್ಲಗ್ ಆಳಕ್ಕೆ, ನಾಳದ ಎಲುಬಿನ ಭಾಗದ ತನಕ ಹೋಗಿ ಕೂತರೆ ಇದು ಕಮ್ಮಿ ಆಗುತ್ತೆ. ಅದಕ್ಕೆ ಕಿವಿಯ ಅಚ್ಚು ತೆಗೆಸಿ ಮಾಡಿಸಿದ್ದೇ ಬೇಕು.

ಇನ್ನೊಂದು ಫೋಮಿನ ತೊಂದರೆ: ಅದು ತೀಕ್ಷ್ಣ ಸ್ವರಗಳನ್ನು ಜಾಸ್ತಿ ತಿನ್ನುತ್ತೆ, ಮಂದ್ರವನ್ನು ಕಮ್ಮಿ. ಅದಕ್ಕೆ ಎಲ್ಲವೂ ಮುಸುಕು. ಸಂಗೀತಗಾರರಿಗೆಂದೇ ಮಾಡಿದ ಪ್ಲಗ್‌ಗಳಲ್ಲಿ ಒಂದು ಸಣ್ಣ ಫಿಲ್ಟರ್ ಇರುತ್ತೆ, ಎಲ್ಲ ಸ್ವರಗಳನ್ನೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಇಳಿಸುತ್ತೆ. 9, 15, 25 ಡೆಸಿಬಲ್ ಇಳಿಸುವ ಬೇರೆ ಬೇರೆ ಫಿಲ್ಟರ್ ಸಿಗುತ್ತವೆ. ಮನೆ ಅಭ್ಯಾಸಕ್ಕೆ 9 ಸಾಕು, ಡಿಜೆ ಮುಂದೆ 25 ಬೇಕು.

ಲೆಕ್ಕ ತಿಳಿದಿರಲಿ. 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧ. 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ. ಅಂದರೆ 100ರ ಜಾಗದಲ್ಲಿ 15 ಇಳಿಸುವ ಪ್ಲಗ್ ಸರಿಯಾಗಿ ಕೂತರೆ ನಿಮಗೆ ಸಿಗುವುದು ಹದಿನೈದು ನಿಮಿಷ ಅಲ್ಲ, ಎಂಟು ಗಂಟೆ. ಒಂದು ಮೆರವಣಿಗೆಗೆ ಅಷ್ಟು ಸಾಕಲ್ವಾ?

ಶಹಾಬಾದ್ ಢೋಲಕ್

ಈ ಎಂಟು ಗಂಟೆ ಲೆಕ್ಕದಲ್ಲಿ ನಮ್ಮಂಥವರನ್ನು ಮರೆಯಬೇಡಿ. ನಾನು ಪರಸಿ ಕಲ್ಲಿನ ಪಾಲಿಶ್ ಮಶೀನ್ ಮೇಲೆ ಕೆಲಸ ಮಾಡುತ್ತೇನೆ. ಕಲ್ಲಿಗೆ ಬ್ಲೇಡ್ ತಾಗಿದಾಗ ಬರುವ ಕಿರ್ ಸದ್ದು ಪಕ್ಕದವನ ಮಾತು ಕೇಳಿಸದಷ್ಟು ಇರುತ್ತೆ. ಹಗಲೆಲ್ಲ ಅದು, ಸಂಜೆ ಢೋಲಕ್. ನನ್ನ ಕಿವಿಯ ದಿನದ ಕೋಟಾ ಮಧ್ಯಾಹ್ನಕ್ಕೇ ಮುಗಿದಿರುತ್ತೆ. ಸಂಜೆ ನಾನು ಎಷ್ಟು ಮೆಲ್ಲಗೆ ಬಾರಿಸಿದರೂ ಅದು ಸಾಲದ ಮೇಲೆ ಸಾಲ.

ಹಾಗಾಗಿ ನಾನು ಪ್ಲಗ್ ಹಾಕುವುದು ಢೋಲಕ್‌ಗೆ ಅಲ್ಲ, ಕೆಲಸದ ಜಾಗದಲ್ಲಿ. ಅಲ್ಲಿ ಶ್ರುತಿಯ ಚಿಂತೆ ಇಲ್ಲ, ಫೋಮ್ ಸಾಕು. ಹಾಕುವ ರೀತಿ ಮಾತ್ರ ಸರಿ ಇರಬೇಕು. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಬೇಕು, ಇನ್ನೊಂದು ಕೈ ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು, ಒಳಗೆ ತೂರಿಸಿ ಅದು ಉಬ್ಬುವ ತನಕ ಬೆರಳಲ್ಲಿ ಒತ್ತಿ ಹಿಡಿಯಬೇಕು. ನಮ್ಮಲ್ಲಿ ಮುಕ್ಕಾಲು ಮಂದಿ ಕಿವಿಯ ಬಾಗಿಲಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಾರೆ, ಅದು ಬರೀ ಅಲಂಕಾರ.

ಸಂಜೆ ಢೋಲಕ್ ಈಗ ಮೊದಲಿಗಿಂತ ಹಿತವಾಗಿದೆ. ಕಿವಿ ದಣಿದಿರುವುದಿಲ್ಲ.

ಬೀದರ್ ಬಾನ್ಸುರಿ

ಇದರ ಇನ್ನೊಂದು ತುದಿ ಹೇಳುತ್ತೇನೆ. ನನಗೆ ಟಿನಿಟಸ್ ಬಂದ ಮೇಲೆ ಹೆದರಿಕೆ ಎಷ್ಟಾಯಿತೆಂದರೆ ದಿನವಿಡೀ ಪ್ಲಗ್ ಹಾಕಿಕೊಂಡೇ ಇದ್ದೆ. ಬೀದರ್‌ನವರಿಗೆ ಗೊತ್ತಲ್ಲ, ವಾಯುಪಡೆ ನೆಲೆಯಿಂದ ತರಬೇತಿ ವಿಮಾನಗಳು ಹೊತ್ತಿಲ್ಲದ ಹೊತ್ತಿನಲ್ಲಿ ತಲೆ ಮೇಲೆ ಹಾರುತ್ತವೆ. ಅದನ್ನು ನೆಪ ಮಾಡಿಕೊಂಡು ಮನೆಯಲ್ಲೂ ಪ್ಲಗ್, ಅಡುಗೆಮನೆಯಲ್ಲೂ ಪ್ಲಗ್. ಸ್ವಲ್ಪ ದಿನದಲ್ಲಿ ಸ್ಟೀಲ್ ತಟ್ಟೆ ಕೆಳಗಿಟ್ಟರೂ ಬೆಚ್ಚಿ ಬೀಳುವ ಸ್ಥಿತಿ ಬಂತು. ನನ್ನ ಕೊಳಲಿನ ತಾರ ಷಡ್ಜವೇ ನನಗೆ ಚುಚ್ಚುತ್ತಿತ್ತು.

ಹೈದರಾಬಾದಿನಲ್ಲಿ ತೋರಿಸಿದಾಗ ಹೇಳಿದರು, ಸದ್ದು ಕಮ್ಮಿ ಮಾಡಿದಷ್ಟೂ ಮಿದುಳು ವಾಲ್ಯೂಮ್ ಏರಿಸುತ್ತಲೇ ಹೋಗುತ್ತೆ ಅಂತ. ಮಾಮೂಲಿ ಸದ್ದಿಗೆ ಪ್ಲಗ್ ಬೇಡ. ಜೋರು ಸದ್ದಿಗೆ ಮಾತ್ರ. ಮತ್ತೆ ಕೊಳಲು ಹಿಡಿದಾಗ ಉದ್ದ ಕೊಳಲಿನ ಮಂದ್ರ ಸ್ವರಗಳಿಂದ ಶುರು ಮಾಡಿದೆ. ತಾನ್ಪುರಾ ಪಕ್ಕದಲ್ಲಿ ಮೆಲ್ಲಗೆ, ಒಳಗಿನ ಸದ್ದು ಪೂರ್ತಿ ಮುಚ್ಚದ ಹಾಗೆ, ಅದೂ ಕೇಳಬೇಕು ಇದೂ ಕೇಳಬೇಕು ಅನ್ನುವ ಮಟ್ಟಕ್ಕೆ. ಹಾಗೇ ಇಟ್ಟು ನುಡಿಸುತ್ತಾ ಹೋದರೆ ಮಿದುಳು ಒಳಗಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತೆ. ಬೇಗ ಆಗುವ ಕೆಲಸ ಅಲ್ಲ ಇದು, ತಿಂಗಳುಗಟ್ಟಲೆ ಹಿಡಿಯಿತು.

ಜೇವರ್ಗಿ ಪೇಟಿ

ಆಡಿಯೋಗ್ರಾಮ್ ಮಾಡಿಸಿದೆ ಅಕ್ಕಾ. ನೀವು ಹೇಳಿದ ಜಾಗದಲ್ಲೇ ಇಳಿದಿದೆ, ಎಡಕ್ಕೆ ಜಾಸ್ತಿ. ಸದ್ದನ್ನು ಹೊಂದಿಸಿ ನೋಡಿದರು, 6000 ಹರ್ಟ್ಜ್ ಸುತ್ತಮುತ್ತ ಬಂತು. ಹಾಗಿದ್ದರೆ ಅದು ನನ್ನ ಪೇಟಿಯ ಸ್ವರಗಳಿಗೆ ಅಡ್ಡ ಬರಬೇಕಾ?

ಯಾದಗಿರಿ ವಯಲಿನ್

ಬರುವುದಿಲ್ಲ. ನಿಮ್ಮ ಮಂಡಳಿ ಕರಿ ಒಂದಕ್ಕೆ, ಅಂದರೆ ಪೇಟಿಯ ಮೊದಲ ಕಪ್ಪು ಮನೆಯ ಶ್ರುತಿಗೆ ಹಾಡಿದರೆ ಮಧ್ಯ ಷಡ್ಜ ಸುಮಾರು 277 ಹರ್ಟ್ಜ್. ಪೇಟಿಯ ತುತ್ತತುದಿಯ ಮನೆ ಒತ್ತಿದರೂ ಒಂದೂವರೆ ಸಾವಿರ ದಾಟುವುದಿಲ್ಲ. 6000ದಲ್ಲಿ ಇರುವುದು ಸ್ವರದ ಮೇಲಿನ ಎಳೆಗಳು ಮಾತ್ರ, ನಾದದ ಹೊಳಪು. ಒಳಗಿನ ಸದ್ದು ಆ ಹೊಳಪನ್ನು ಸ್ವಲ್ಪ ತಿನ್ನಬಹುದು, ಶ್ರುತಿಯನ್ನಲ್ಲ. ತಾನ್ಪುರಾ ನಿಮಗೆ ಹಿತ ಅನ್ನಿಸುವುದಕ್ಕೂ ಇದೇ ಕಾರಣ ಇರಬೇಕು. ಜವಾರಿ (ಕುದುರೆಯ ಮೇಲೆ ತಂತಿ ಝೇಂಕರಿಸುವ ಹದ) ತೆರೆದ ತಾನ್ಪುರಾದ ತಂತಿಯಲ್ಲಿ ಅಷ್ಟು ಎತ್ತರದ ಎಳೆಗಳೂ ಇರುತ್ತವೆ, ಅವು ನಿಮ್ಮ ಸದ್ದಿನ ಜಾಗಕ್ಕೇ ಹೋಗಿ ಕೂರುತ್ತವೆ.

ನನ್ನ ಕಷ್ಟ ಬೇರೆ. ಎಡ ಮತ್ತು ಬಲ ಕಿವಿಗೆ ಒಂದೇ ಸ್ವರ ಬೇರೆ ಬೇರೆ ಕೇಳಿಸುತ್ತೆ. ಮೊಬೈಲನ್ನು ಬಲ ಕಿವಿಗೆ ಹಿಡಿದು ಷಡ್ಜ ಕೇಳಿ ಎಡಕ್ಕೆ ತಂದರೆ ಕೂದಲೆಳೆಯಷ್ಟು ಏರುತ್ತೆ. ಇದು ಕಿವಿ ಮಂದ ಆದವರಿಗೆ ಆಗುತ್ತೆ, ವಾದ್ಯದವರಿಗೆ ಮಾತ್ರ ಬೇಗ ಗೊತ್ತಾಗುತ್ತೆ. ವಯಲಿನ್ ಭುಜಕ್ಕೆ ಇಟ್ಟು ನಿಂತು ನುಡಿಸುವ ಪಾಶ್ಚಾತ್ಯರಿಗೆ ಎಡಗಿವಿ ಜಾಸ್ತಿ ಹಾಳಾಗುತ್ತೆ, ವಾದ್ಯ ಅಲ್ಲೇ ಇರುತ್ತಲ್ಲ. ನಾವು ಕೆಳಗೆ ಕೂತು ಪಾದಕ್ಕೆ ಆನಿಸುತ್ತೇವೆ, ಸ್ವಲ್ಪ ಬಚಾವ್. ನಾನು ಶ್ರುತಿ ಮಾಡುವಾಗ ಬಲಗಿವಿಯನ್ನೇ ನಂಬುತ್ತೇನೆ, ಜೊತೆಗೆ ಟ್ಯೂನರ್ ಆಪ್. ನಾಚಿಕೆ ಏನೂ ಇಲ್ಲ.

ಇದು ಹೊಸ ರೋಗವೂ ಅಲ್ಲ. ಬೀಥೋವನ್ 1801ರಲ್ಲೇ ಗೆಳೆಯನಿಗೆ ಕಾಗದ ಬರೆದು ಕಿವಿ ಹಗಲೂ ರಾತ್ರಿ ಗುಂಯ್‌ಗುಡುತ್ತೆ ಅಂದಿದ್ದ. ಚೆಕ್ ಸಂಗೀತಗಾರ ಸ್ಮೆಟಾನಾ 1874ರಲ್ಲಿ ಪೂರ್ತಿ ಕಿವುಡಾದ. 1876ರಲ್ಲಿ ಬರೆದ ತಂತಿವಾದ್ಯಗಳ ಕೃತಿಯ ಕೊನೆಯ ಭಾಗದಲ್ಲಿ, ಕುಣಿತದ ನಡುವೆ, ವಯಲಿನ್ ಒಂದು ತೀರಾ ಎತ್ತರದ ಸ್ವರವನ್ನು ಎಳೆದು ಹಿಡಿಯುತ್ತೆ. ಅವನ ಕಿವಿಯೊಳಗಿನ ಸದ್ದೇ ಅದು. ಕೇಳಿದಾಗ ನನಗೆ ಎದೆ ಝಲ್ ಅಂದಿತು, ಇದು ನನ್ನದೇ ಅಲ್ವಾ ಅಂತ.

ಆಳಂದ ಮೇಷ್ಟ್ರು

ನನಗೆ ವಯಸ್ಸಾಗಿದೆ, ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಕಿವಿ ಮಂದ, ಒಳಗೆ ಸದ್ದು, ಎರಡೂ. ಹಿಯರಿಂಗ್ ಏಡ್ ಹಾಕಿಸಿದೆ. ಮಾತು ಚೆನ್ನಾಗಿ ಕೇಳಿತು, ಒಳಗಿನ ಸದ್ದೂ ಹಿಂದೆ ಸರಿಯಿತು. ಸಂತೋಷಪಟ್ಟು ತಾನ್ಪುರಾ ಹಾಕಿದೆ ನೋಡಿ, ಷಡ್ಜ ನಡುಗುತ್ತಿದೆ! ಪೇಟಿ ಒತ್ತಿ ಹಿಡಿದರೆ ಅದೂ ಅಲೆಅಲೆಯಾಗಿ ತೇಲುತ್ತಿದೆ. ಪೇಟಿ ರಿಪೇರಿಗೆ ಕಳಿಸುವವನಿದ್ದೆ. ಆಮೇಲೆ ತಿಳಿಯಿತು, ತೊಂದರೆ ಯಂತ್ರದ್ದು. ಏಡ್‌ನಿಂದ ಸೀಟಿ ಬಾರದಿರಲಿ ಅಂತ ಅದರಲ್ಲಿ ಒಂದು ವ್ಯವಸ್ಥೆ ಇರುತ್ತೆ. ಒಂದೇ ಸಮನೆ ನಿಂತ ಸ್ವರ ಬಂದರೆ ಅದು ತನ್ನ ಸೀಟಿಯೇ ಅಂದುಕೊಂಡು ಅಳಿಸಲು ಹೋಗುತ್ತೆ. ನಮ್ಮ ಸಂಗೀತದಲ್ಲಿ ನಿಂತ ಸ್ವರವೇ ಎಲ್ಲ, ಇನ್ನೇನು ಗತಿ.

ಸಂಗೀತಕ್ಕೆ ಅಂತ ಬೇರೆ ಪ್ರೋಗ್ರಾಂ ಹಾಕಿಕೊಡಿ, ಆ ಸೀಟಿ ತಡೆಯುವುದನ್ನು ಅದರಲ್ಲಿ ಇಳಿಸಿ ಅಂತ ಕೇಳಿ. ಒಂದು ಗುಂಡಿ ಒತ್ತಿದರೆ ಬದಲಾಗುತ್ತೆ. ಕೊಡಿಸುವವರು ತಾವಾಗಿ ಹೇಳುವುದಿಲ್ಲ. ಹೋಗುವಾಗ ಮೊಬೈಲಿನಲ್ಲಿ ತಾನ್ಪುರಾ ತೆಗೆದುಕೊಂಡು ಹೋಗಿ, ಅಲ್ಲೇ ಕೂತು ಪರೀಕ್ಷೆ ಮಾಡಿ. ಹತ್ತಿರದಲ್ಲಿ ಸಮಾಧಾನ ಆಗದಿದ್ದರೆ ಮೈಸೂರಿನ ಆಯಿಷ್ ಇದೆ, ಕಿವಿ ಮತ್ತು ಮಾತಿನ ತೊಂದರೆಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಬಸವ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಮೈಸೂರು.

ಸೌಂಡ್ ಸರ್ವಿಸ್, ಹುಮನಾಬಾದ್

ಎಲ್ಲರೂ ಸ್ಪೀಕರಿನವರನ್ನೇ ಬೈಯುತ್ತಿದ್ದೀರಿ, ನಾನೇ ಬಂದೆ. ಜೋರು ಮಾಡು ಅನ್ನುವವರು ಕಮಿಟಿಯವರು, ನಾವಲ್ಲ. ಆದರೂ ಕೆಲವು ಮಾತು. ಬಯಲಲ್ಲಿ ಸ್ಪೀಕರಿನಿಂದ ದೂರ ಎರಡು ಪಟ್ಟಾದರೆ 6 ಡೆಸಿಬಲ್ ಇಳಿಯುತ್ತೆ. ಒಂದು ಮೀಟರಿನಲ್ಲಿ ಕೂತವರು ನಾಲ್ಕು ಮೀಟರಿಗೆ ಸರಿದರೆ 12. ದುಡ್ಡಿಲ್ಲ, ಪ್ಲಗ್ ಇಲ್ಲ. ಅಕ್ಕ ಹೇಳಿದ ಲೆಕ್ಕದಲ್ಲಿ ಒಂದು ಗಂಟೆಯ ಮಿತಿ ಹದಿನಾರು ಗಂಟೆ ಆಯಿತು. ಗುಡಿಯೊಳಗೆ, ಹಾಲ್‌ನಲ್ಲಿ ಗೋಡೆಯಿಂದ ವಾಪಸ್ ಬರುವ ಸದ್ದಿರುತ್ತೆ, ಅಲ್ಲಿ ಇಷ್ಟು ಲಾಭ ಸಿಗುವುದಿಲ್ಲ.

ಚೂಪು ಸದ್ದು ಸ್ಪೀಕರಿನ ಮುಖ ಇದ್ದ ಕಡೆಗೇ ಹೋಗುತ್ತೆ. ಹಾಗಾಗಿ ಸ್ಪೀಕರ್ ನಿಮ್ಮ ಸಾಲಿಗಿಂತ ಮುಂದೆ ಇರಬೇಕು, ಮುಖ ಜನರ ಕಡೆ. ಪಕ್ಕಕ್ಕೂ ಬೇಡ, ಹಿಂದಕ್ಕಂತೂ ಬೇಡವೇ ಬೇಡ. ಹಳೆಯ ಹಾರ್ನ್ ಸ್ಪೀಕರ್ ಇದ್ದರೆ ಇನ್ನೂ ದೂರ ಇಡಿಸಿ, ಕಿವಿ ಸೂಕ್ಷ್ಮವಾಗಿರುವ ಜಾಗದಲ್ಲೇ ಅದು ಕಿರುಚುತ್ತೆ.

ಶಹಾಪುರ ಶಹನಾಯಿ

ಇದು ಕೆಲಸಕ್ಕೆ ಬರುವ ಮಾತು. ಮೆರವಣಿಗೆಯಲ್ಲಿ ಡಿಜೆ ಗಾಡಿಗೂ ನಮಗೂ ನಡುವೆ ಕುಣಿಯುವ ಹುಡುಗರನ್ನು ಬಿಟ್ಟು ನಾವು ಮುಂದೆ ನಡೆದರೆ ಆಯಿತು. ಹುಡುಗರಿಗೂ ಅದೇ ಬೇಕು. ಅವರ ಕಿವಿಗೆ ಯಾರು ದಿಕ್ಕೋ ಗೊತ್ತಿಲ್ಲ. ಅಚ್ಚಿನ ಪ್ಲಗ್ ಬಗ್ಗೆಯೂ ಕೇಳುತ್ತೇನೆ, ಸೀಸನ್ ದುಡ್ಡು ಬರಲಿ.

ಜೇವರ್ಗಿ ಪೇಟಿ

ಪೇಟಿ ಮುಚ್ಚಿಡುವುದಿಲ್ಲ ಅಂತ ಮನೆಯಲ್ಲಿ ಹೇಳಿ ಆಯಿತು. ಸ್ಪೀಕರ್ ಮುಂದೆ ಸರಿಸುವ ಮಾತು ಮಂಡಳಿಯಲ್ಲಿ ಎತ್ತಿದೆ. ಹಾಡುವ ಹಿರಿಯರು ಒಪ್ಪುತ್ತಿಲ್ಲ, ನನ್ನ ದನಿ ನನಗೇ ಕೇಳಿಸುವುದಿಲ್ಲ ಅಂತಾರೆ. ನಾನು ಅವರ ಪಕ್ಕ ಬಿಟ್ಟು ಕೂರುವ ಹಾಗೂ ಇಲ್ಲ, ಅವರಿಗೆ ಪೇಟಿ ಬೇಕು. ಏನು ಮಾಡಲಿ?

ಸೌಂಡ್ ಸರ್ವಿಸ್, ಹುಮನಾಬಾದ್

ಅವರಿಗೆ ಮಾತ್ರ ಒಂದು ಸಣ್ಣ ಮಾನಿಟರ್, ಅಂದರೆ ಹಾಡುವವರ ಕಡೆ ಮುಖ ಮಾಡಿದ ಸ್ಪೀಕರ್, ಕಾಲ ಬಳಿ ಇಡಿಸಿ, ನಿಮ್ಮ ಕಡೆ ತಿರುಗದ ಹಾಗೆ. ಅದರಲ್ಲಿ ಅವರ ದನಿ, ಸ್ವಲ್ಪ ಪೇಟಿ, ಬೇರೇನೂ ಬೇಡ. ಮತ್ತೆ ತಾಳ ಬಾರಿಸುವವರು ಎಲ್ಲಿ ಕೂರುತ್ತಾರೆ? ನಿಮ್ಮ ಕಿವಿಯ ಹಿಂದೆಯೇ ಇರಬೇಕು. ಅವರನ್ನು ಸಾಲಿನ ಆ ತುದಿಗೆ ಕಳಿಸಿ. ಅರ್ಧ ಗದ್ದಲ ಅವರದ್ದೇ, ಹಿರಿಯರಿಗೆ ದನಿ ಕೇಳಿಸದಿರುವುದೂ ಅದಕ್ಕೇ.

ತಾಳದವನು

ನೋಡ್ರಿ, ಕೊನೆಗೆ ಬಂದು ನಮ್ಮ ಮೇಲೇ ಬಿತ್ತು. ಸರಿಯುತ್ತೇವೆ, ಆದರೆ ಚಹಾ ಮೊದಲು ನಮ್ಮ ತುದಿಯಿಂದ ಕೊಡುತ್ತಾ ಬರಬೇಕು.